ಗುಂಡಿ ತಿರುಗಿಸದೆಯೂ ಐಎಲ್‌ಎಸ್ ಬಂದು ಕೂರುವುದು ಹೇಗೆ?

ಪ್ರಶ್ನೆ: ನಾವು ಕುಂಬಳೆಯವರು. ಪ್ಲಸ್ ಟು ಓದುತ್ತಿರುವ ನನ್ನ ಸೋದರಳಿಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ಹಚ್ಚಿಕೊಂಡಿದ್ದಾನೆ. ಏರ್‌ಬಸ್ ಎ320 ವಿಮಾನ ಹಿಡಿದು ಮಂಗಳೂರಿಗೆ ಇಳಿಯುವಾಗ ಐಎಲ್‌ಎಸ್ (ರನ್‌ವೇಗೆ ದಾರಿ ತೋರಿಸುವ ರೇಡಿಯೊ) ಫ್ರೀಕ್ವೆನ್ಸಿ ತಾನಾಗಿಯೇ ಬರುತ್ತದಂತೆ. ಕೈಯಿಂದ ಹಾಕೋಣವೆಂದು ಇಬ್ಬರು ಪೈಲಟ್‌ಗಳ ನಡುವಿನ ರೇಡಿಯೊ ಪೆಟ್ಟಿಗೆಯಲ್ಲಿ ಗುಂಡಿ ತಿರುಗಿಸಿದರೆ ಅಂಕಿ 118ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲವಂತೆ. ಬೋಯಿಂಗ್ 737ರಲ್ಲಿ ಮಾತ್ರ ಎಲ್ಲವನ್ನೂ ಅವನೇ ತಿರುಗಿಸಬೇಕು. ಯಾಕೆ ಹೀಗೆ? ಜಿಪಿಎಸ್ ಇರುವಾಗ ಈ ರೇಡಿಯೊಗಳ ಗೊಡವೆಯಾದರೂ ಏಕೆ? ದುಬೈಯಿಂದ ಬಂದ ಭಾವ, ಆ ದಾರಿಯಲ್ಲಿ ಈಗ ಜಿಪಿಎಸ್ಸೇ ಕೈಕೊಡುವುದುಂಟು ಎನ್ನುತ್ತಾರೆ. ನಿಜವೆ?

ಉತ್ತರ: ಮೊದಲು ಆ 118ರ ತೊಡಕು ಬಿಡಿಸೋಣ. ನಿಮ್ಮ ಅಳಿಯ ತಿರುಗಿಸಿದ್ದು ಆರ್‌ಎಂಪಿ, ಅಂದರೆ ರೇಡಿಯೊ ಮ್ಯಾನೇಜ್‌ಮೆಂಟ್ ಪ್ಯಾನೆಲ್. ಎಂದಿನಂತೆ ಅದು ಮಾತಾಡುವ ರೇಡಿಯೊದ್ದು. ವಿಮಾನದ ವಿಎಚ್‌ಎಫ್ ಮಾತುಕತೆ ನಡೆಯುವುದು 118.000ದಿಂದ 136.975 ಮೆಗಾಹರ್ಟ್ಸ್‌ವರೆಗೆ. ದಾರಿ ತೋರಿಸುವ ರೇಡಿಯೊಗಳ ಪಟ್ಟಿ ಅದಕ್ಕೆ ಸರಿಯಾಗಿ ಕೆಳಗೆ, 108.00ಯಿಂದ 117.95ರವರೆಗೆ. ಗುಂಡಿ ಕೆಟ್ಟದ್ದಲ್ಲ, ಅವನು ಬೇರೆ ಬಾಗಿಲು ತಟ್ಟಿದ್ದಾನೆ ಅಷ್ಟೆ. ಅದೇ ಪ್ಯಾನೆಲಿನಲ್ಲಿ ಪಾರದರ್ಶಕ ಮುಚ್ಚಳದಡಿ 'ನ್ಯಾವ್' (ನ್ಯಾವಿಗೇಷನ್, ಅಂದರೆ ದಾರಿ ತೋರಿಸುವುದು) ಎಂಬ ಒತ್ತುಗುಂಡಿ ಇದೆ. ಅದನ್ನು ಒತ್ತಿದ ಮೇಲೇ 110 ಕಾಣಿಸೀತು. ಆದರೆ ಅದಕ್ಕೆ ಮುಚ್ಚಳ ಹಾಕಿದ್ದು ಸುಮ್ಮನೆ ಅಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಾಕ್‌ಪಿಟ್ಟಿನಲ್ಲಿ ಟ್ಯೂನ್ ಆಗುವವು ಮುಖ್ಯವಾಗಿ ನಾಲ್ಕು. ನೆಲದ ಒಂದು ಕೇಂದ್ರದಿಂದ ನಾವು ಯಾವ ದಿಕ್ಕಿನಲ್ಲಿದ್ದೇವೆ ಎಂದು ಹೇಳುವುದು ವಿಒಆರ್. ಎಷ್ಟು ದೂರದಲ್ಲಿದ್ದೇವೆ ಎಂದು ಹೇಳುವುದು ಡಿಎಂಇ. ರನ್‌ವೇಯ ನಡುಗೆರೆಗೂ ಇಳಿಜಾರಿಗೂ ಕೂಡಿಸುವುದು ಐಎಲ್‌ಎಸ್. ನಾಲ್ಕನೆಯದು ಹಳೆಯ ಎಡಿಎಫ್, ಸ್ಟೇಷನ್ ಇರುವ ಕಡೆಗೆ ಮುಳ್ಳು ತಿರುಗಿಸುವುದು. ಎಡಿಎಫ್ ಕೇಳುವ ಪಟ್ಟಿ 190ರಿಂದ 1750 ಕಿಲೋಹರ್ಟ್ಸ್. ಮನೆಯ ಜಗಲಿಯಲ್ಲಿ ಟ್ರಾನ್ಸಿಸ್ಟರ್ ಇಟ್ಟು ಮಂಗಳೂರು ಆಕಾಶವಾಣಿಯ 1089ಕ್ಕೆ ಮುಳ್ಳು ಹೊಂದಿಸಿದ ಹಿರಿಯರು ನಿಮ್ಮಲ್ಲಿದ್ದರೆ, ಆ 1089 ಕೂಡ ಈ ಪಟ್ಟಿಯೊಳಗೇ ಬರುತ್ತದೆ ಎಂದು ಅವರಿಗೆ ಹೇಳಿ. ಆ ಟ್ರಾನ್ಸಿಸ್ಟರನ್ನು ಅಡ್ಡಡ್ಡ ತಿರುಗಿಸಿದಾಗ ಒಂದು ಕಡೆ ಸದ್ದು ಕುಗ್ಗುತ್ತಿತ್ತಲ್ಲ, ಎಡಿಎಫ್ ದಿಕ್ಕು ಹಿಡಿಯುವ ಗುಟ್ಟು ಅದೇ.

ಐಎಲ್‌ಎಸ್‌ನ ವಿಷಯದಲ್ಲಿ ಒಂದು ಅಂಕಿ ಹಾಕಿದರೆ ಮೂರು ಕೆಲಸ ಆಗುತ್ತವೆ. ಉದಾಹರಣೆಗೆ 110.30 ಎನ್ನಿ (ಇದು ಬರೇ ಉದಾಹರಣೆ, ಮಂಗಳೂರಿನದೆಂದು ತಿಳಿಯಬೇಡಿ, ಅದನ್ನು ಚಾರ್ಟ್ ನೋಡಿಯೇ ಹಾಕಬೇಕು). 110.30 ಎಂಬುದು ಲೋಕಲೈಜರ್, ಅಂದರೆ ಎಡ-ಬಲ ತೋರಿಸುವ ಅಲೆ. ಅದಕ್ಕೆ ಜೋಡಿಯಾಗಿ ಗ್ಲೈಡ್ ಸ್ಲೋಪ್ ರಿಸೀವರ್ ತಾನೇ 335.00 ಮೆಗಾಹರ್ಟ್ಸ್‌ಗೆ ಹೋಗುತ್ತದೆ. ಡಿಎಂಇ 40ಎಕ್ಸ್ ಎಂಬ ಚಾನೆಲ್ ಹಿಡಿಯುತ್ತದೆ: ವಿಮಾನ ಪ್ರಶ್ನೆ ಕಳಿಸುವುದು 1064ರಲ್ಲಿ, ನೆಲ ಉತ್ತರಿಸುವುದು 1001ರಲ್ಲಿ. ಈ ಜೋಡಿಗಳು ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಮೊದಲೇ ನಿಗದಿ, ಪೈಲಟ್ ನೆನಪಿಡಬೇಕಾಗಿಲ್ಲ. 108ರಿಂದ 112ರೊಳಗೆ ಚುಕ್ಕೆಯ ನಂತರದ ಮೊದಲ ಅಂಕಿ ಬೆಸವಾದರೆ ಐಎಲ್‌ಎಸ್, ಸಮವಾದರೆ ವಿಒಆರ್, ಅಷ್ಟು ನೆನಪಿದ್ದರೆ ಸಾಕು. ಸಿಮ್ಯುಲೇಟರಿನಲ್ಲಿ 110.30ರ ಬದಲು 110.20 ಹಾಕಿ 'ಗ್ಲೈಡ್ ಸ್ಲೋಪ್ ಬರುತ್ತಿಲ್ಲ' ಎಂದು ಒದ್ದಾಡುವವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ.

ಎ320ಯಲ್ಲಿ ಈ ರೇಡಿಯೊಗಳ ಯಜಮಾನ ಎಫ್‌ಎಂಜಿಸಿ ಎಂಬ ಕಂಪ್ಯೂಟರ್. ಅಂಥವು ಎರಡು, ಎಡದ್ದು ಎಡಗಡೆಯ ರಿಸೀವರುಗಳನ್ನೂ ಬಲದ್ದು ಬಲಗಡೆಯವನ್ನೂ ನೋಡಿಕೊಳ್ಳುತ್ತದೆ. ಒಂದು ಕೆಟ್ಟರೆ ಇನ್ನೊಂದು ಎರಡೂ ಬದಿ ಸುಧಾರಿಸುತ್ತದೆ. ಅದು ಯಾರಿಗಾಗಿ ಟ್ಯೂನ್ ಮಾಡುತ್ತದೆ ಎಂಬುದನ್ನು ಹೆಚ್ಚಿನವರು ತಪ್ಪು ತಿಳಿಯುತ್ತಾರೆ. ಪೈಲಟ್ ನೋಡಲೆಂದು ಟ್ಯೂನ್ ಮಾಡುವುದು ಅದರ ಕೊನೆಯ ಕೆಲಸ. ಇಳಿಯುವ ವಿಧಾನಕ್ಕೆ ಒಂದು ನಿರ್ದಿಷ್ಟ ಸ್ಟೇಷನ್ ಬೇಕೇಬೇಕೆಂದಿದ್ದರೆ ಮೊದಲು ಅದು. ಆಮೇಲೆ ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳಲು ಬೇಕಾದದ್ದು. ಇವೆರಡೂ ಮುಗಿದ ಮೇಲೆ ಪರದೆಯ ಅಂದಕ್ಕೆ. ಹಾಗಾಗಿ ಪಕ್ಕದಲ್ಲೇ ಒಂದು ವಿಒಆರ್ ಇದ್ದರೂ ನಕ್ಷೆಯ ಮೂಲೆಯಲ್ಲಿ ಬೇರೆಯದೇ ಹೆಸರು ಕಂಡರೆ ಗಾಬರಿಯಾಗಬೇಕಿಲ್ಲ.

ಈ 'ಎಲ್ಲಿದ್ದೇನೆ' ಲೆಕ್ಕವನ್ನು ನಿಮ್ಮ ಊರನ್ನೇ ಇಟ್ಟುಕೊಂಡು ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ಡಿಎಂಇ ಎಂದರೆ ಗುಡ್ಡೆಯ ಈಚೆ ನಿಂತು ಕೂಗಿ, ಮಾರುತ್ತರ ಬರಲು ಎಷ್ಟು ಹೊತ್ತಾಯಿತೆಂದು ಎಣಿಸುವ ಹಾಗೆ. ವಿಮಾನ ಒಂದು ಜೋಡಿ ಮಿಡಿತ ಕಳಿಸುತ್ತದೆ. ನೆಲದ ಯಂತ್ರ ಎಣಿಸಿದ ಹಾಗೆ 50 ಮೈಕ್ರೊಸೆಕೆಂಡ್ ಕಾದು ಉತ್ತರಿಸುತ್ತದೆ. ಆ 50 ಕಳೆದು, ಉಳಿದುದನ್ನು 12.36ರಿಂದ ಭಾಗಿಸಿದರೆ ನಾಟಿಕಲ್ ಮೈಲಿ ಸಿಕ್ಕಿತು. ಇದು ಓರೆಯ ದೂರ. 36,000 ಅಡಿ ಎತ್ತರದಲ್ಲಿ ಸ್ಟೇಷನ್ನಿನ ನೆತ್ತಿಯ ಮೇಲೇ ಇದ್ದರೂ ಪರದೆ ಸೊನ್ನೆ ಹೇಳದು, ಸುಮಾರು 6 ಎನ್ನುತ್ತದೆ.

ಒಂದು ಡಿಎಂಇಯಿಂದ ಸಿಗುವುದು ದೂರ ಮಾತ್ರ, ಅಂದರೆ ಒಂದು ವೃತ್ತ. ಎರಡು ಸಿಕ್ಕರೆ ಎರಡು ವೃತ್ತ, ಅವು ಕೂಡುವಲ್ಲಿ ನಾವು. ಮಂಗಳೂರು ವಿಮಾನ ನಿಲ್ದಾಣದಲ್ಲೊಂದು, ಕಣ್ಣೂರು ನಿಲ್ದಾಣದಲ್ಲೊಂದು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಕಾಸರಗೋಡಿನಿಂದ ನೇರ ಗೆರೆ ಎಳೆದರೆ ಮಂಗಳೂರು ನಿಲ್ದಾಣ ಸುಮಾರು 28 ನಾಟಿಕಲ್ ಮೈಲಿ ಬಡಗಲಿಗೆ, ಕಣ್ಣೂರಿನದು ಸುಮಾರು 48 ನಾಟಿಕಲ್ ಮೈಲಿ ಆಗ್ನೇಯಕ್ಕೆ. ಕಾಸರಗೋಡು ಪೇಟೆಯ ನೆತ್ತಿಯ ಮೇಲಿದ್ದರೆ ಈ ಎರಡರ ನಡುವಿನ ಕೋನ 148 ಡಿಗ್ರಿಯ ಹತ್ತಿರ. ಹೆಚ್ಚುಕಡಿಮೆ ನೇರ ಗೆರೆಯಲ್ಲೇ ನಿಂತ ಹಾಗೆ. ಎರಡೂ ವೃತ್ತಗಳು ಬೆನ್ನಿಗೆ ಬೆನ್ನು ತಾಗಿಸಿಕೊಂಡು ಹೋಗುತ್ತವೆ, ದೂರದಲ್ಲಿ ಒಂದಿಷ್ಟು ತಪ್ಪಿದರೂ ಕೂಡುವ ಬಿಂದು ಪೂರ್ವ-ಪಶ್ಚಿಮವಾಗಿ ಬಹಳ ಜಾರುತ್ತದೆ. ಅದೇ ನೀವು ಕಡಲಿನ ಮೇಲೆ 60 ನಾಟಿಕಲ್ ಮೈಲಿ ಪಡುವಲಿಗೆ ಹೋದರೆ ಕೋನ 48 ಡಿಗ್ರಿಗೆ ಬರುತ್ತದೆ, ಲೆಕ್ಕ ಚೊಕ್ಕ. 100 ಮೈಲಿಯಲ್ಲಿ 31. 200 ಮೈಲಿಯಲ್ಲಿ 17ಕ್ಕೆ ಇಳಿದು ಮತ್ತೆ ನಿಷ್ಪ್ರಯೋಜಕ, ಏಕೆಂದರೆ ಈಗ ಎರಡು ಸ್ಟೇಷನ್‌ಗಳೂ ಒಂದೇ ಕಡೆಗೆ ಕಾಣುತ್ತವೆ. ಕಂಪ್ಯೂಟರ್ ಒಪ್ಪುವುದು 30ರಿಂದ 150 ಡಿಗ್ರಿಯೊಳಗಿನ ಜೋಡಿಗಳನ್ನು ಮಾತ್ರ. 90ಕ್ಕೆ ಹತ್ತಿರವಿದ್ದಷ್ಟು ಒಳ್ಳೆಯದು.

ಇಂಥ ಜೋಡಿ ಹುಡುಕುವ ಕೆಲಸವನ್ನು ಮನುಷ್ಯ ಕೂತು ಮಾಡಲಾರ. ನಿಮಿಷಕ್ಕೆ 8 ನಾಟಿಕಲ್ ಮೈಲಿ ಓಡುವ ವಿಮಾನದಲ್ಲಿ ಕೋನ ಪ್ರತಿ ಗಳಿಗೆಯೂ ಬದಲಾಗುತ್ತಿರುತ್ತದೆ. ಆದ್ದರಿಂದಲೇ ಎ320ಯ ಒಂದು ಡಿಎಂಇ ಪೆಟ್ಟಿಗೆ ಏಕಕಾಲಕ್ಕೆ 5 ಚಾನೆಲ್‌ಗಳವರೆಗೆ ಸುತ್ತು ಹಾಕಿ ಕೇಳಬಲ್ಲದು. ಆಟೊ ಟ್ಯೂನಿಂಗಿನ ನಿಜವಾದ ಉಪಕಾರ ಇಲ್ಲಿದೆ, ಇಳಿಯುವಾಗ ಒಂದು ಐಎಲ್‌ಎಸ್ ಅಂಕಿ ಉಳಿಸಿಕೊಟ್ಟದ್ದರಲ್ಲಿ ಅಲ್ಲ.

ಸ್ಟೇಷನ್ ಕಣ್ಣಿಗೆ ಕಾಣುವಷ್ಟು ನೇರದಲ್ಲಿರಬೇಕು ಎಂಬುದು ಇನ್ನೊಂದು ಷರತ್ತು. ಅಡಿಗಳಲ್ಲಿ ಎತ್ತರದ ವರ್ಗಮೂಲವನ್ನು 1.23ರಿಂದ ಗುಣಿಸಿದರೆ ನಾಟಿಕಲ್ ಮೈಲಿಗಳಲ್ಲಿ ದಿಗಂತ ಸಿಗುತ್ತದೆ. 35,000 ಅಡಿಯಲ್ಲಿ 230 ಮೈಲಿ. 10,000ದಲ್ಲಿ 123. 5,000ದಲ್ಲಿ 87. ಅದು ಸಮುದ್ರದ ಲೆಕ್ಕ. ಮೂಡುಗಡೆ ಘಟ್ಟ ಅಡ್ಡ ನಿಂತಿರುವ ನಮ್ಮ ಕರಾವಳಿಯಲ್ಲಿ ವಿಮಾನ ಇಳಿಯುತ್ತ ಬಂದಂತೆ ಘಟ್ಟದಾಚೆಯ ಸ್ಟೇಷನ್‌ಗಳು ಒಂದೊಂದೇ ಮರೆಯಾಗುತ್ತವೆ. ಕಂಪ್ಯೂಟರ್ ಅವನ್ನು ಬಿಟ್ಟು ಇದ್ದವುಗಳಲ್ಲಿ ಸುಧಾರಿಸುತ್ತದೆ.

ಇನ್ನು ಐಎಲ್‌ಎಸ್. ಹೊರಡುವ ಮುಂಚೆ, ಹೊರಡುವ ರನ್‌ವೇಗೆ ಐಎಲ್‌ಎಸ್ ಇದ್ದರೆ ಎಫ್‌ಎಂಜಿಸಿ ಅದನ್ನು ಹಚ್ಚಿಡುತ್ತದೆ. ಮುಂದೆ ಸೇರುವ ಊರಿಗೆ 300 ನಾಟಿಕಲ್ ಮೈಲಿಯೊಳಗೆ ಬಂದ ಮೇಲೆ ಅಲ್ಲಿಯದ್ದನ್ನು. ಅದಕ್ಕೆ ಫ್ಲೈಟ್ ಪ್ಲಾನಿನಲ್ಲಿ ರನ್‌ವೇ ಮಾತ್ರವಲ್ಲ, 'ಐಎಲ್‌ಎಸ್' ಎಂಬ ಅಪ್ರೋಚನ್ನೇ, ಅಂದರೆ ಇಳಿಯುವ ವಿಧಾನವನ್ನೇ, ಆಯ್ದಿರಬೇಕು. ಅಳಿಯ ಅದೇ ರನ್‌ವೇಗೆ ಆರ್‌ಎನ್‌ಪಿ (ಜಿಪಿಎಸ್ ನೆಚ್ಚಿದ) ಅಪ್ರೋಚ್ ಆಯ್ದುಕೊಂಡು ಐಎಲ್‌ಎಸ್‌ಗಾಗಿ ಕಾದರೆ ಬಾರದು. ಬಂದದ್ದೂ ಕಾಣಬೇಕಿದ್ದರೆ ಎದುರಿನ 'ಎಲ್‌ಎಸ್' ಒತ್ತುಗುಂಡಿ ಒತ್ತಬೇಕು. ಟ್ಯೂನ್ ಆಗಿದ್ದರೂ ಅದನ್ನು ಒತ್ತದೆ 'ಸಿಗ್ನಲ್ ಇಲ್ಲ' ಎನ್ನುವುದು ಮಾಮೂಲು.

ಕೈಯಿಂದ ಹಾಕುವ ಕ್ರಮ ಹೀಗಿದೆ. ಎಂಸಿಡಿಯು, ಅಂದರೆ ಕೀಲಿಮಣೆಯಿರುವ ಪುಟ್ಟ ಪರದೆಯಲ್ಲಿ 'ರ‍್ಯಾಡ್ ನ್ಯಾವ್' ಒತ್ತಿ. ಎಡಬದಿಯಲ್ಲಿ ಮೇಲಿನಿಂದ ವಿಒಆರ್ 1, ಅದರ ಕೋರ್ಸ್ (ಹಿಡಿಯಬೇಕಾದ ದಿಕ್ಕು, ಡಿಗ್ರಿಗಳಲ್ಲಿ), ಮೂರನೆಯ ಸಾಲಿನಲ್ಲಿ ಐಎಲ್‌ಎಸ್, ನಾಲ್ಕನೆಯದರಲ್ಲಿ ಅದರ ಕೋರ್ಸ್, ಐದರಲ್ಲಿ ಎಡಿಎಫ್. ಕೆಳಗಿನ ಗೆರೆಯಲ್ಲಿ ಅಂಕಿ ಬರೆದು ಮೂರನೆಯ ಸಾಲಿನ ಪಕ್ಕದ ಗುಂಡಿ ಒತ್ತಿದರೆ ಮುಗಿಯಿತು. ಅಂಕಿಯ ಬದಲು ಸ್ಟೇಷನ್ನಿನ ಅಕ್ಷರಗಳನ್ನು ಬರೆದರೆ ಫ್ರೀಕ್ವೆನ್ಸಿಯನ್ನೂ ಕೋರ್ಸನ್ನೂ ಡೇಟಾಬೇಸಿನಿಂದ ಅದೇ ತುಂಬುತ್ತದೆ. ಬರೇ ಅಂಕಿ ಹಾಕಿದರೆ ಕೋರ್ಸನ್ನು ನೀವೇ ಹಾಕಬೇಕು. ಕಂಪ್ಯೂಟರ್ ಹಾಕಿದ್ದು ಸಣ್ಣ ಅಕ್ಷರದಲ್ಲಿ, ಮನುಷ್ಯ ಹಾಕಿದ್ದು ದೊಡ್ಡ ಅಕ್ಷರದಲ್ಲಿ ಕಾಣುತ್ತದೆ. ಈ ಒಂದು ವ್ಯತ್ಯಾಸವನ್ನು ಗುರುತಿಸಲು ಕಲಿತವನು ಅರ್ಧ ತಪ್ಪುಗಳಿಂದ ಪಾರು.

ಏಕೆಂದರೆ ಕೈಯಿಂದ ಹಾಕಿದ್ದನ್ನು ಕಂಪ್ಯೂಟರ್ ಮುಟ್ಟುವುದಿಲ್ಲ. ಅಳಿಯ ಅಭ್ಯಾಸಕ್ಕೆಂದು ಐಎಲ್‌ಎಸ್ ಕೈಯಿಂದ ಹಾಕಿ, ಆಮೇಲೆ ಗಾಳಿ ತಿರುಗಿತೆಂದು ರನ್‌ವೇ ಬದಲಾಯಿಸಿದ ಎನ್ನಿ. ಫ್ಲೈಟ್ ಪ್ಲಾನ್ ಬದಲಾಗುತ್ತದೆ, ನಕ್ಷೆಯ ಗೆರೆ ಬದಲಾಗುತ್ತದೆ, ರೇಡಿಯೊ ಮಾತ್ರ ಹಳೆಯದನ್ನೇ ಹಿಡಿದು ಕೂತಿರುತ್ತದೆ. ನಿಜವಾದ ವಿಮಾನದಲ್ಲಿ ರನ್‌ವೇಗೂ ಐಎಲ್‌ಎಸ್‌ಗೂ ಹೊಂದಿಕೆಯಿಲ್ಲ ಎಂಬ ಸಂದೇಶ ಬರುತ್ತದೆ. ಪರಿಹಾರ ಸುಲಭ: 'ಸಿಎಲ್‌ಆರ್' ಒತ್ತಿ ಅದೇ ಮೂರನೆಯ ಸಾಲಿಗೆ ಹಾಕಿದರೆ ಕೈಯ ಅಂಕಿ ಅಳಿದು ಕಂಪ್ಯೂಟರ್ ಮತ್ತೆ ಹೊಣೆ ಹೊರುತ್ತದೆ. ವಿಒಆರ್‌ನಲ್ಲೂ ಇದೇ ಕತೆ, ಆದರೆ ಅದು ಸದ್ದಿಲ್ಲದೆ ಕಾಡುತ್ತದೆ. ಹೊರಡುವಾಗ ಹಾಕಿದ ವಿಒಆರ್ ದಿಗಂತದ ಕೆಳಗೆ ಹೋಗಿ ಅರ್ಧ ಗಂಟೆಯಾದರೂ ರಿಸೀವರ್ ಅದಕ್ಕೇ ಜೋತುಬಿದ್ದಿರುತ್ತದೆ. ನಕ್ಷೆಯ ಕೆಳಮೂಲೆಯಲ್ಲಿ ಸ್ಟೇಷನ್ ಹೆಸರಿನ ಪಕ್ಕ ಅಡಿಗೆರೆಯಿರುವ 'ಎಂ' ಅಕ್ಷರ ಕಂಡರೆ ಯಾರೋ ಕೈಯಿಂದ ಹಾಕಿಟ್ಟಿದ್ದಾರೆಂದು ಅರ್ಥ. 'ಆರ್' ಕಂಡರೆ ಆರ್‌ಎಂಪಿಯಿಂದ ಹಾಕಿದ್ದು.

ಈಗ ಆ ಮುಚ್ಚಳದ ವಿಷಯ. ಎರಡೂ ಎಫ್‌ಎಂಜಿಸಿ ಕೈಬಿಟ್ಟಾಗ ರೇಡಿಯೊಗಳನ್ನು ನೇರವಾಗಿ ಹಿಡಿಯಲೆಂದೇ ಆರ್‌ಎಂಪಿಯ 'ನ್ಯಾವ್' ಗುಂಡಿ ಇರುವುದು. ಒತ್ತಿದ ಕೂಡಲೇ ಹಸಿರು ದೀಪ ಹತ್ತುತ್ತದೆ. ಆಮೇಲೆ ವಿಒಆರ್ ಅಥವಾ ಐಎಲ್‌ಎಸ್ ಎಂದು ಆರಿಸಿ, ಬಲಗಡೆಯ ಕಿಟಕಿಯಲ್ಲಿ ಅಂಕಿ ತಿರುಗಿಸಿ, ನಡುವಿನ ಬಾಣದ ಗುಂಡಿಯಿಂದ ಎಡಗಡೆಗೆ ಸರಿಸಬೇಕು. ಸರಿಸಿದೊಡನೆ ಬಲಗಡೆಯ ಕಿಟಕಿ ಕೋರ್ಸಿನದಾಗಿ ಬಿಡುತ್ತದೆ. ಅದರಲ್ಲಿ ಕೋರ್ಸ್ ತಿರುಗಿಸಬೇಕು, ಇದನ್ನು ಮರೆಯುವವರೇ ಹೆಚ್ಚು. ಮಾತಾಡುವ ರೇಡಿಯೊಗೆ ಇದರಿಂದ ಏನೂ ಆಗದು. ಆದರೆ ಹೀಗೆ ಹಿಡಿದ ಮೇಲೆ ಕಂಪ್ಯೂಟರಿನ ಟ್ಯೂನಿಂಗ್ ನಿಂತುಹೋಗುತ್ತದೆ, ಎಂಸಿಡಿಯುವಿನ ಆ ಪುಟವೂ ಕೆಲಸಕ್ಕೆ ಬಾರದು. ಎಲ್ಲ ನೆಟ್ಟಗಿರುವಾಗ ಅಕಸ್ಮಾತ್ ಬೆರಳು ತಾಗಿ ಹೀಗಾಗಬಾರದೆಂದೇ ಮುಚ್ಚಳ. ಮತ್ತೊಮ್ಮೆ ಒತ್ತಿದರೆ ಹಳೆಯ ಸ್ಥಿತಿ. ತಲೆಯ ಮೇಲಿನ ಮೂರನೆಯ ಆರ್‌ಎಂಪಿಯಿಂದ ಈ ಕೆಲಸ ಆಗದು, ನಡುವಿನ ಎರಡರಿಂದ ಮಾತ್ರ.

737ರ ಪದ್ಧತಿ ಬೇರೆ. ಎನ್‌ಜಿ (ನೆಕ್ಸ್ಟ್ ಜನರೇಷನ್) ಮಾದರಿಗಳಲ್ಲಿ ಎರಡು ನ್ಯಾವ್ ಪ್ಯಾನೆಲ್ಲುಗಳಿವೆ. ಒಂದೊಂದರಲ್ಲೂ 'ಈಗಿನದು', 'ಮುಂದಿನದು' ಎಂದು ಎರಡು ಕಿಟಕಿ. ಮುಂದಿನದರಲ್ಲಿ ಅಂಕಿ ತಿರುಗಿಸಿ, ನಡುವಿನ ಗುಂಡಿ ಒತ್ತಿ ಅದಲುಬದಲು ಮಾಡಬೇಕು. ಅಂಕಿ ಸರಿಯಾಗಿ ಹಾಕಿ ಅದಲುಬದಲಿನ ಗುಂಡಿ ಒತ್ತದೆ ಬಿಡುವುದು ಇಲ್ಲಿನ ಅತಿ ಸಾಮಾನ್ಯ ತಪ್ಪು. ವಿಒಆರ್‌ಗೂ ಐಎಲ್‌ಎಸ್‌ಗೂ ಇಲ್ಲಿ ಒಂದೇ ಪ್ಯಾನೆಲ್, ಒಂದೇ ಅಂಕಿ. ಹಾಗಾಗಿ ಒಂದು ಬದಿಯಲ್ಲಿ ಎರಡನ್ನೂ ಒಟ್ಟಿಗೆ ನೋಡಲಾಗದು. ಒಂದರಲ್ಲಿ ಐಎಲ್‌ಎಸ್, ಇನ್ನೊಂದರಲ್ಲಿ ವಿಒಆರ್ ಇಟ್ಟುಕೊಂಡು ಬಂದು, ಕೊನೆಗೆ ಎರಡರಲ್ಲೂ ಐಎಲ್‌ಎಸ್ ಮಾಡಿಕೊಳ್ಳುತ್ತಾರೆ. ಎರಡೂ ಆಟೊಪೈಲಟ್ ಹಾಕಿ ತಾನಾಗಿ ಇಳಿಸಬೇಕಿದ್ದರೆ ಎರಡು ರಿಸೀವರುಗಳಲ್ಲೂ ಅದೇ ಅಂಕಿ, ಮೇಲಿನ ಪ್ಯಾನೆಲಿನ ಎರಡೂ ಕೋರ್ಸ್ ಕಿಟಕಿಗಳಲ್ಲೂ ಅದೇ ಕೋರ್ಸ್ ಇರಲೇಬೇಕು. ಎರಡನೆಯ ಆಟೊಪೈಲಟ್ ಕೂರುತ್ತಿಲ್ಲ ಎಂದು ಅಳಿಯ ದೂರಿದರೆ ಮೊದಲು ಬಲಗಡೆಯ ಪ್ಯಾನೆಲ್ ನೋಡಲು ಹೇಳಿ.

ಅಂದ ಮಾತ್ರಕ್ಕೆ 737ರಲ್ಲಿ ಎಲ್ಲವೂ ಕೈಕೆಲಸವೆಂದಲ್ಲ. ಡಿಎಂಇ ಜೋಡಿಗಳನ್ನು ಹುಡುಕಿ ಸುತ್ತು ಹಾಕುವ ಕೆಲಸವನ್ನು ಅದರ ಎಫ್‌ಎಂಸಿ ಎಂಬ ಕಂಪ್ಯೂಟರ್ ಹಿನ್ನೆಲೆಯಲ್ಲಿ ಮಾಡುತ್ತಲೇ ಇರುತ್ತದೆ, ಪ್ಯಾನೆಲಿನಲ್ಲಿ ನೀವು ಏನೇ ಹಾಕಿ. ಕಾಣುವ ಕೆಲಸ ಪೈಲಟ್ಟಿನದು, ಕಾಣದ್ದು ಕಂಪ್ಯೂಟರಿನದು. 1967ರಲ್ಲಿ ಮೊದಲು ಹಾರಿದ ವಿಮಾನದ ವಂಶ ಅದು. ಹಿಂದಿನ ಮಾದರಿ ಹಾರಿಸಿದವರು ಹೊಸದಕ್ಕೆ ಹತ್ತಿದಾಗ ಕೈಗಳು ಅಲ್ಲಲ್ಲೇ ಹೋಗಬೇಕೆಂದು ಬೋಯಿಂಗ್ ಅದರ ಕಾಕ್‌ಪಿಟ್ಟನ್ನು ಹೆಚ್ಚು ಬದಲಿಸಲಿಲ್ಲ. ನನ್ನನ್ನು ಕೇಳಿದರೆ, ಕಲಿಯುವವನಿಗೆ 737ರ ಪ್ಯಾನೆಲ್ಲೇ ಒಳ್ಳೆಯ ಗುರು, ಯಾಕೆಂದರೆ ಏನು ಹಾಕಿದ್ದೇನೆಂದು ಅದರಲ್ಲಿ ಕೈಗೇ ಗೊತ್ತಿರುತ್ತದೆ.

ಅದೇ ಬೋಯಿಂಗ್‌ನ 777ರಲ್ಲಿ ಟ್ಯೂನಿಂಗ್ ಎಲ್ಲ ಪರದೆಯೊಳಗೆ. ಅಲ್ಲಿ ವಿಒಆರ್ ಅಂಕಿಯ ಪಕ್ಕ ಒಂದು ಸಣ್ಣ ಅಕ್ಷರ ಬರುತ್ತದೆ: ಎಫ್‌ಎಂಸಿ ತಾನೇ ಆರಿಸಿದ್ದಕ್ಕೆ 'ಎ', ಮನುಷ್ಯ ಹಾಕಿದ್ದಕ್ಕೆ 'ಎಂ', ಹೋಗುವ ದಾರಿಯಲ್ಲಿ ಇರುವುದಕ್ಕೆ 'ಆರ್', ಇಳಿಯುವ ಅಥವಾ ಹೊರಡುವ ವಿಧಾನಕ್ಕೆ ಬೇಕಾದದ್ದಕ್ಕೆ 'ಪಿ'. ಐಎಲ್‌ಎಸ್ ಬೇಡವಾದಾಗ ಅದರ ಜಾಗದಲ್ಲಿ 'ಪಾರ್ಕ್' ಎಂದು ಬರೆದಿರುತ್ತದೆ. ವಿಮಾನ ಲೋಕಲೈಜರನ್ನೋ ಗ್ಲೈಡ್ ಸ್ಲೋಪನ್ನೋ ಆಟೊಪೈಲಟ್‌ನಲ್ಲಿ ಹಿಡಿದುಕೊಂಡ ಮೇಲೆ ಐಎಲ್‌ಎಸ್ ಅಂಕಿಯನ್ನು ಬದಲಾಯಿಸಲು ಬಿಡುವುದೇ ಇಲ್ಲ, ಬೀಗ ಹಾಕಿಬಿಡುತ್ತದೆ. ಇಳಿಯುವ ಹೊತ್ತಿಗೆ ಯಾರೋ ತಪ್ಪಿ ಅಂಕಿ ಕೆಡಿಸಿದರೆ ಏನಾದೀತೆಂದು ಯೋಚಿಸಿದರೆ ಆ ಬೀಗದ ಬೆಲೆ ತಿಳಿಯುತ್ತದೆ.

ಯಾರೇ ಟ್ಯೂನ್ ಮಾಡಿರಲಿ, ಅಂಕಿ ಸರಿಯಿದೆ ಎಂದರೆ ಸ್ಟೇಷನ್ ಸರಿಯಿದೆ ಎಂದಲ್ಲ. ಪ್ರತಿ ಸ್ಟೇಷನ್ ತನ್ನ ಹೆಸರಿನ ಎರಡೋ ಮೂರೋ ನಾಲ್ಕೋ ಅಕ್ಷರಗಳನ್ನು ಮೋರ್ಸ್ ಸಂಕೇತದಲ್ಲಿ ಕೂಗುತ್ತಿರುತ್ತದೆ. ವಿಒಆರ್, ಐಎಲ್‌ಎಸ್‌ನದು 1020 ಹರ್ಟ್ಸ್ ಸ್ವರ, ಡಿಎಂಇಯದು ಇನ್ನೂ ಕೀಚಲು, 1350. ರಿಸೀವರ್ ಅದನ್ನು ಬಿಡಿಸಿ ಅಕ್ಷರಗಳನ್ನಾಗಿ ಪರದೆಗೆ ತರುತ್ತದೆ. ಅಕ್ಷರದ ಬದಲು ಬರೇ ಫ್ರೀಕ್ವೆನ್ಸಿ ಕಾಣುತ್ತಿದ್ದರೆ ಹೆಸರು ಇನ್ನೂ ಸಿಕ್ಕಿಲ್ಲ ಎಂದು ತಿಳಿಯಬೇಕು. ನೆಲದಲ್ಲಿ ದುರಸ್ತಿ ನಡೆಯುತ್ತಿದ್ದರೆ ಹೆಸರನ್ನು ತೆಗೆಯುತ್ತಾರೆ, ಇಲ್ಲವೆ 'ಟಿಎಸ್‌ಟಿ' ಎಂದು ಕೂಗಿಸುತ್ತಾರೆ. ಮುಳ್ಳು ಎಷ್ಟೇ ನೆಟ್ಟಗೆ ನಿಂತಿದ್ದರೂ ಆಗ ಅದನ್ನು ನಂಬಬಾರದು.

ಹೆಸರೂ ಸರಿ, ಅಂಕಿಯೂ ಸರಿ, ಆದರೂ ಮೋಸಹೋಗಬಹುದು. 2000ನೇ ಇಸವಿ ಜುಲೈ 29ರಂದು ಏರ್ ನ್ಯೂಜಿಲೆಂಡಿನ ಒಂದು 767 ಸಮೋವಾದ ಆಪಿಯಾಕ್ಕೆ ರಾತ್ರಿ ಇಳಿಯುತ್ತಿತ್ತು. ಐಎಲ್‌ಎಸ್ ಸರಿಯಾಗಿ ಟ್ಯೂನ್ ಆಗಿತ್ತು. ಆದರೆ ನೆಲದ ಗ್ಲೈಡ್ ಸ್ಲೋಪ್ ಯಂತ್ರ ದುರಸ್ತಿಯ ಸ್ಥಿತಿಯಲ್ಲೇ ಉಳಿದು, ವಿಮಾನ ಎಲ್ಲಿದ್ದರೂ 'ಸರಿಯಾದ ಇಳಿಜಾರಿನಲ್ಲಿದ್ದೀರಿ' ಎಂದೇ ತೋರಿಸುತ್ತಿತ್ತು. ಎಚ್ಚರಿಕೆಯ ಬಾವುಟವೂ ಬರಲಿಲ್ಲ. ಸಿಬ್ಬಂದಿಗೆ ದೂರಕ್ಕೂ ಎತ್ತರಕ್ಕೂ ತಾಳೆಯಾಗುತ್ತಿಲ್ಲವೆಂದು ಹೊಳೆದು ಮೇಲೆತ್ತಿದಾಗ ವಿಮಾನ ರನ್‌ವೇಯಿಂದ ಸುಮಾರು ಐದೂವರೆ ನಾಟಿಕಲ್ ಮೈಲಿ ಹಿಂದೆ, 400 ಅಡಿಗೂ ಕೆಳಗಿತ್ತು. 3 ಡಿಗ್ರಿ ಇಳಿಜಾರಿನಲ್ಲಿ ಒಂದು ನಾಟಿಕಲ್ ಮೈಲಿಗೆ 318 ಅಡಿ ಲೆಕ್ಕ. ಅಷ್ಟು ದೂರದಲ್ಲಿ ಇರಬೇಕಾದ ಎತ್ತರ 1,700 ಅಡಿಗೂ ಮೇಲೆ. ಪ್ರತಿ ಐಎಲ್‌ಎಸ್ ಚಾರ್ಟಿನಲ್ಲಿ ಇಷ್ಟು ಮೈಲಿಗೆ ಇಷ್ಟು ಅಡಿ ಎಂದು ಕೊಟ್ಟಿರುವುದು ಇದಕ್ಕೇ. ಡಿಎಂಇ ಯಂತ್ರ ರನ್‌ವೇಯ ಪಕ್ಕದಲ್ಲಿದೆಯೋ ಒಂದು ಮೈಲಿ ಆಚೆ ವಿಒಆರ್ ಬಳಿಯಿದೆಯೋ ಎಂದು ನೋಡಿಕೊಂಡು ತಾಳೆ ಹಾಕಬೇಕು.

ಡೇಟಾಬೇಸಿನ ಬಗ್ಗೆ ಒಂದೇ ಮಾತು. ಅದು 28 ದಿನಕ್ಕೊಮ್ಮೆ ಹೊಸದಾಗುತ್ತದೆ, ಆಟೊ ಟ್ಯೂನಿಂಗ್ ನಂಬುವುದು ಅದನ್ನೇ. ಸಿಮ್ಯುಲೇಟರಿನಲ್ಲಿ ಹಳೆಯ ಡೇಟಾಬೇಸ್, ಕೈಯಲ್ಲಿ ಹೊಸ ಚಾರ್ಟ್ ಇದ್ದರೆ ಅಂಕಿಗಳು ಹೊಂದದಿರುವುದು ಸಹಜ.

ಕೊನೆಗೆ ನಿಮ್ಮ ಭಾವನ ಮಾತು. ನಿಜ. ಪಶ್ಚಿಮ ಏಷ್ಯಾದ ಆಕಾಶದಲ್ಲಿ ಜಿಪಿಎಸ್ ಸಿಗ್ನಲ್ಲನ್ನು ಗದ್ದಲದಿಂದ ಮುಚ್ಚುವುದೂ ಸುಳ್ಳು ಸಿಗ್ನಲ್ ಬಿಡುವುದೂ 2023ರಿಂದೀಚೆಗೆ ಬಹಳ ಹೆಚ್ಚಿದೆ. ಗದ್ದಲವಾದರೆ ಅಷ್ಟು ಕಷ್ಟವಿಲ್ಲ. ಎ320ಯಲ್ಲಿ 'ಜಿಪಿಎಸ್ ಪ್ರೈಮರಿ ಲಾಸ್ಟ್' ಎಂದು ಬರುತ್ತದೆ, ಕಂಪ್ಯೂಟರ್ ಗೈರೊಗಳ (ವಿಮಾನದ ಚಲನೆಯನ್ನು ಒಳಗಿನಿಂದಲೇ ಅಳೆಯುವ ಯಂತ್ರಗಳ) ಲೆಕ್ಕಕ್ಕೆ ಡಿಎಂಇ ಜೋಡಿಗಳನ್ನು ಕೂಡಿಸಿಕೊಂಡು ಮುಂದುವರಿಯುತ್ತದೆ. ನಡುಗಡಲಲ್ಲಿ ಯಾವ ಸ್ಟೇಷನ್ನೂ ಸಿಗದಿದ್ದರೆ ಗೈರೊ ಮಾತ್ರ. ಆಗ ಏರ್‌ಬಸ್ ಕಂಪ್ಯೂಟರ್ ತಾನಿರುವ ಜಾಗದ ಬಗ್ಗೆ ತನ್ನ ಸಂದೇಹವನ್ನು ಮೊದಲ 21 ನಿಮಿಷ ಗಂಟೆಗೆ 8 ನಾಟಿಕಲ್ ಮೈಲಿಯಂತೆ, ಆಮೇಲೆ ಗಂಟೆಗೆ 2ರಂತೆ ಬೆಳೆಸುತ್ತ ಹೋಗುತ್ತದೆ. ನಮ್ಮ ಕರಾವಳಿ ಹತ್ತಿರವಾಗಿ ಮೊದಲ ಒಳ್ಳೆಯ ಜೋಡಿ ಸಿಕ್ಕಿದೊಡನೆ ಅದು ಕುಗ್ಗುತ್ತದೆ.

ಸುಳ್ಳು ಸಿಗ್ನಲ್ ಹಾಗಲ್ಲ. ಇಲ್ಲಿ ಆಟೊ ಟ್ಯೂನಿಂಗಿನ ಒಂದು ಬುಡದ ದೌರ್ಬಲ್ಯ ಬಯಲಾಗುತ್ತದೆ. ಕಂಪ್ಯೂಟರ್ ಸ್ಟೇಷನ್‌ಗಳನ್ನು ಗಾಳಿಯಲ್ಲಿ ಹುಡುಕುವುದಿಲ್ಲ. ತಾನು ಇಂಥ ಕಡೆ ಇದ್ದೇನೆ ಎಂದುಕೊಂಡು, ಆ ಜಾಗಕ್ಕೆ ಹತ್ತಿರದ ಸ್ಟೇಷನ್‌ಗಳನ್ನು ಡೇಟಾಬೇಸಿನಿಂದ ತೆಗೆಯುತ್ತದೆ. ಇರುವ ಜಾಗವೇ ತಪ್ಪಿದ್ದರೆ ಟ್ಯೂನ್ ಮಾಡುವ ಸ್ಟೇಷನ್‌ಗಳೂ ತಪ್ಪು. ಉತ್ತರ ಬಾರದ ಕಡೆಗೆ ಕೂಗುತ್ತಿರುತ್ತದೆ, ತಪ್ಪನ್ನು ತಿದ್ದಬೇಕಾದ ರೇಡಿಯೊಗಳೇ ಕುರುಡಾಗುತ್ತವೆ. ಇಂಥ ಹೊತ್ತಿನಲ್ಲಿ ಕೈಯ ಟ್ಯೂನಿಂಗ್ ಬೆಲೆ ಬಾಳುವುದು. ಚಾರ್ಟಿನಲ್ಲಿರುವ ಒಂದು ವಿಒಆರ್-ಡಿಎಂಇಯನ್ನು ಅಂಕಿ ಹಾಕಿ ಹಿಡಿದು, ಮೋರ್ಸ್ ಕೇಳಿ, ಅದು ಕೊಡುವ ದಿಕ್ಕು ಮತ್ತು ದೂರವನ್ನು ನಕ್ಷೆ ತೋರಿಸುವುದರೊಂದಿಗೆ ಹೋಲಿಸಬೇಕು. ಒಂದೆರಡು ಮೈಲಿ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಹತ್ತಾರು ಮೈಲಿ ಇದ್ದರೆ ನಂಬಬೇಕಾದ್ದು ನೆಲದ ಸ್ಟೇಷನ್ನನ್ನು.

ಅಳಿಯನಿಗೆ ಇದನ್ನೇ ಒಂದು ಅಭ್ಯಾಸವಾಗಿ ಕೊಡಿ. ಎ320ಯಲ್ಲಿ ಕಾಸರಗೋಡಿನ ಪಡುವಣ ಕಡಲ ಮೇಲೆ 20,000 ಅಡಿಯಲ್ಲಿ ಹಾರಲಿ. 'ಸೆಲೆಕ್ಟೆಡ್ ನ್ಯಾವ್‌ಏಡ್ಸ್' ಪುಟ ತೆರೆದು ಜಿಪಿಎಸ್ಸನ್ನು ಕಡಿದುಹಾಕಲಿ, ಅಲ್ಲಿಯೇ ಆ ಸೌಲಭ್ಯವಿದೆ. ಈಗ ಕಂಪ್ಯೂಟರ್ ಯಾವ ಡಿಎಂಇಗಳನ್ನು ಹಿಡಿದಿದೆ ಎಂದು ಆ ಪುಟದಲ್ಲೇ ನೋಡಿ, ಕಾಗದದ ಮೇಲೆ ಎರಡು ಗೆರೆ ಎಳೆದು ಕೋನ ಅಳೆಯಲಿ. ಆಮೇಲೆ ಕರಾವಳಿಯ ಉದ್ದಕ್ಕೂ, ಮಂಜೇಶ್ವರದಿಂದ ಪಯ್ಯನ್ನೂರಿನ ಕಡೆಗೆ ಹಾರುತ್ತ ಯಾವ ಜಾಗದಲ್ಲಿ ಜೋಡಿ ಬದಲಾಗುತ್ತದೆಂದು ಗುರುತು ಹಾಕಿಕೊಳ್ಳಲಿ. ಸಿಮ್ಯುಲೇಟರ್ ಒಳ್ಳೆಯದಾಗಿದ್ದರೆ ಆ ಗುರುತುಗಳ ಬಳಿ ಕೋನ 30ನ್ನೋ 150ನ್ನೋ ದಾಟಿರುವುದು ಅವನ ಕಾಗದದಲ್ಲೇ ಕಾಣುತ್ತದೆ.